ಹಳಿ ಒಂದು, ಸರ್ಕಾರ ಹಲವು

ಗೊಟಗೋಡಿಯಲ್ಲಿ ರೈಲಿನ ಸಿಳ್ಳು ಕೇಳಿಸುವುದಿಲ್ಲ. ಪುಣೆ-ಬೆಂಗಳೂರು ಹೆದ್ದಾರಿ ಊರ ಮಗ್ಗುಲಲ್ಲೇ ಹಾದುಹೋಗುವುದರಿಂದ ಲಾರಿಗಳ ಭರಾಟೆಗೇನೂ ಕೊರತೆಯಿಲ್ಲ. ಹಳ್ಳಿಯ ಬದುಕನ್ನೆಲ್ಲ ಸಿಮೆಂಟಿನ ಶಿಲ್ಪಗಳಾಗಿ ನಿಲ್ಲಿಸಿರುವ ಉತ್ಸವ ರಾಕ್ ಗಾರ್ಡನ್ ನೋಡಲು ಬರುವವರೂ, 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯಕ್ಕೆ ಬರುವವರೂ ಬಸ್ಸಿನಿಂದಲೋ ಕಾರಿನಿಂದಲೋ ಇಳಿಯುತ್ತಾರೆ. ರೈಲು ಹಿಡಿದದ್ದು ಪೂರ್ವದ ದಾರಿಯನ್ನು. ಸವಣೂರಿನ ಆಚೆಯ ಎರೆಭೂಮಿಯ ಸೀಮೆಯನ್ನು. ಕುಂದಗೋಳ, ಸಂಶಿ, ಗುಡಗೇರಿ, ಯಲವಿಗಿ, ಕರಜಗಿ, ಹಾವೇರಿ ಎಂದು ಅದು ಹತ್ತಿಯ ಹೊಲಗಳ ನಡುವೆ ತೆಂಕಣಕ್ಕೆ ಇಳಿದುಹೋಯಿತು. ಶಿಗ್ಗಾಂವಿ, ಹಾನಗಲ್ಲು, ಹಿರೇಕೆರೂರುಗಳಿಗೆ ಅದು ಇನ್ನೂ ಬಂದಿಲ್ಲ. ಆದ್ದರಿಂದ ನಮ್ಮ ಕಡೆಯವರಿಗೆ ದೂರದ ರೈಲು ಪ್ರಯಾಣವೆಂದರೆ ಟಿಕೆಟು ಕೊಂಡು ಕುಳಿತುಬಿಡುವಷ್ಟು ಸುಲಭದ ಮಾತಾಗಿರಲಿಲ್ಲ. ಅದು ನಾಲ್ಕು ದಿನ ಮೊದಲೇ ಕುಳಿತು ಯೋಚಿಸಿ ಹೂಡಬೇಕಾದ ಒಂದು ಕಾರ್ಯವಾಗಿತ್ತು.

ನಮ್ಮ ತಾಯಿಯ ತಂದೆ ಅರಳೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಯಜಮಾನರ ಕೆಲಸಕ್ಕಾಗಿ ವರ್ಷಕ್ಕೆ ಒಂದೆರಡು ಸಲ ಮುಂಬಯಿಗೋ ಸೊಲ್ಲಾಪುರಕ್ಕೋ ಹೋಗಿಬರಬೇಕಾಗುತ್ತಿತ್ತು. ಅವರು ಪ್ರಯಾಣವನ್ನು ಹೂಡುತ್ತಿದ್ದ ರೀತಿಯನ್ನು ನಾನು ಚಿಕ್ಕಂದಿನಲ್ಲಿ ಅವರ ಬಾಯಿಂದಲೇ ಎಷ್ಟೋ ಸಲ ಕೇಳಿದ್ದೇನೆ. ರಾತ್ರಿ ಊಟವಾದ ಮೇಲೆ ಚಕ್ಕಡಿ ಕಟ್ಟಬೇಕು. ಎತ್ತುಗಳು ಬೆಳಗಿನ ಜಾವಕ್ಕೆ ಯಲವಿಗಿ ಮುಟ್ಟಿಸಿದರೆ ಮುಟ್ಟಿಸಿದವು. ಅಲ್ಲಿ ಗಾಡಿ ಹತ್ತಿ ಹುಬ್ಬಳ್ಳಿ, ಮುಂದೆ ಧಾರವಾಡ, ಲೋಂಡಾ, ಬೆಳಗಾವಿ, ಮಿರಜ ದಾಟಿ ಪುಣೆ. ಪುಣೆಯಲ್ಲಿ ಹಾಸಿಗೆ ಸುರುಳಿ, ತಂಬಿಗೆ, ಬುತ್ತಿಯ ಗಂಟು ಸಮೇತ ಕೆಳಗಿಳಿದು ಮುಂಬಯಿಯ ಗಾಡಿಗೆ ಹೋಗಿ ಕೂಡ್ರಬೇಕು. ಬುತ್ತಿಯ ರೊಟ್ಟಿಯನ್ನು ಕೂಡ ಎರಡು ಗಂಟು ಮಾಡಿ, ಇಷ್ಟು ಪುಣೆಯ ಈಚೆಗೆ, ಇಷ್ಟು ಪುಣೆಯ ಆಚೆಗೆ ಎಂದು ಅಜ್ಜಿ ಲೆಕ್ಕ ಹಾಕಿ ಕಟ್ಟುತ್ತಿದ್ದಳಂತೆ. "ತಮ್ಮಾ, ಗಾಡಿ ಹತ್ತೂದು ದೊಡ್ಡದಲ್ಲೋ. ಇಳದು ಇನ್ನೊಂದು ಗಾಡಿ ಹತ್ತೂದು ಐತಲ್ಲ, ಅದು ದೊಡ್ಡದು," ಎಂದು ಅಜ್ಜ ಹೇಳುತ್ತಿದ್ದರು. "ಯಾಕ ಇಳೀಬೇಕಜ್ಜಾ?" ಎಂದರೆ, "ಅಲ್ಲಿ ಹಳಿ ಅಗಲ ಆಗ್ತಾವ," ಎನ್ನುವುದಷ್ಟೇ ಅವರ ಉತ್ತರ.

ಆ ಉತ್ತರದ ಹಿಂದೆ ಎಂಥ ಚರಿತ್ರೆಯಿದೆ ಎಂಬುದು ನನ್ನ ಲಕ್ಷ್ಯಕ್ಕೆ ಬಂದದ್ದು ವಿಚಿತ್ರವಾದ ಬಳಸುದಾರಿಯಿಂದ. ತಂಗಿಯ ಮಗನೊಬ್ಬ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿದ್ದಾನೆ. ಅವನಲ್ಲಿಗೆ ಹೋಗಿಬರುವ ಮಾತು ಬಂದಾಗ, ಮೆಲ್ಬರ್ನಿನಿಂದ ಸಿಡ್ನಿಗೆ ವಿಮಾನದಲ್ಲಿ ಹಾರುವುದು ಬೇಡ, ರೈಲಿನಲ್ಲೇ ಹೋಗೋಣ ಎಂದು ನಾನು ಹಟ ಹಿಡಿದೆ. ಅವನಿಗೆ ಆಶ್ಚರ್ಯ. "ಮಾಮಾ, ವಿಮಾನದಲ್ಲಿ ಒಂದೂವರೆ ತಾಸು, ರೈಲಿನಲ್ಲಿ ಹನ್ನೊಂದು ತಾಸು. ಇಲ್ಲಿ ಯಾರೂ ಹಾಂಗ ಹೋಗೂದಿಲ್ಲ," ಎಂದ. ಆದರೂ ವೇಳಾಪಟ್ಟಿಯನ್ನು ಕಳಿಸಿಕೊಟ್ಟ. ಸುಮಾರು 960 ಕಿಲೋಮೀಟರು ದೂರ. ಹಗಲೊಂದು ಗಾಡಿ, ರಾತ್ರಿಯೊಂದು ಗಾಡಿ. ನಡುವೆ ಆಲ್ಬರಿ ಎಂಬ ಊರು. ಈ ಊರಿನ ಹೆಸರನ್ನು ಹಿಡಿದು ಹಳೆಯ ಪುಸ್ತಕಗಳನ್ನು ತಿರುವಿಹಾಕಿದಾಗ ನನಗೆ ನಮ್ಮಜ್ಜನ ಪುಣೆಯೇ ಅಲ್ಲಿ ಎದುರಾಯಿತು.

ಆಸ್ಟ್ರೇಲಿಯಾ ಈಗ ಒಂದು ದೇಶ. ಆದರೆ 1901ಕ್ಕೆ ಮುಂಚೆ ಅದು ಆರು ಬೇರೆ ಬೇರೆ ವಸಾಹತುಗಳು. ಸಿಡ್ನಿ ನ್ಯೂ ಸೌತ್ ವೇಲ್ಸಿನದು, ಮೆಲ್ಬರ್ನ್ ವಿಕ್ಟೋರಿಯಾದ್ದು. ಎರಡು ಕಡೆಯೂ 1850ರ ದಶಕದಲ್ಲಿ ರೈಲು ಹಾಕಲು ಹೊರಟವು. ಸಿಡ್ನಿಯ ಕಂಪನಿಯಲ್ಲಿ ಶೀಲ್ಡ್ಸ್ ಎಂಬ ಐರಿಷ್ ಇಂಜಿನಿಯರನಿದ್ದ. ತನ್ನ ನಾಡಿನ ರೂಢಿಯಂತೆ ಹಳಿಗಳ ನಡುವೆ 5 ಅಡಿ 3 ಅಂಗುಲ ಅಗಲವಿರಲಿ ಎಂದು ಅವನು ಸಲಹೆಮಾಡಿದ, ನೆರೆಯವರೂ ಒಪ್ಪಿದರು. ಅಷ್ಟರಲ್ಲಿ ಸಂಬಳದ ತಕರಾರೆದ್ದು ಅವನು ಕೆಲಸ ಬಿಟ್ಟ. ಅವನ ಜಾಗಕ್ಕೆ ಬಂದ ಸ್ಕಾಟ್ಲೆಂಡಿನ ವ್ಯಾಲೇಸನಿಗೆ ಇಂಗ್ಲೆಂಡಿನ ಅಳತೆಯಾದ 4 ಅಡಿ 8½ ಅಂಗುಲವೇ ಸರಿಯೆನಿಸಿತು. ಸಿಡ್ನಿಯವರು ಅಳತೆ ಬದಲಿಸಿಕೊಂಡರು. ವಿಕ್ಟೋರಿಯಾದವರು ಆಗಲೇ ಅಗಲ ಹಳಿಗೆ ಒಪ್ಪುವ ಗಾಡಿಗಳನ್ನು ತರಿಸಲು ಹೇಳಿಯಾಗಿತ್ತು; ಅವರು ಬಗ್ಗಲಿಲ್ಲ. ಒಬ್ಬ ಇಂಜಿನಿಯರನ ಸಂಬಳದ ಜಗಳ ಒಂದು ಖಂಡದ ರೈಲನ್ನು ಇಬ್ಭಾಗ ಮಾಡಿತೆಂದು ಹೇಳಿದರೆ ಸ್ವಲ್ಪ ಹೆಚ್ಚಾದೀತು. ಪೂರ್ತಿ ಸುಳ್ಳಂತೂ ಅಲ್ಲ.

ಎರಡು ಹಳಿಗಳೂ ಬೆಳೆದು ಬೆಳೆದು 1883ರಲ್ಲಿ ಮರ್ರೆ ನದಿಯ ಗಡಿಯಲ್ಲಿರುವ ಆಲ್ಬರಿಯಲ್ಲಿ ಎದುರುಬದುರಾದವು. ಹಳಿಗಳು ಪಕ್ಕಪಕ್ಕಕ್ಕೆ ಬಂದವೇ ಹೊರತು ಕೂಡಲಿಲ್ಲ. ಉದ್ದನೆಯ ಪ್ಲಾಟ್‌ಫಾರಮ್ಮಿನ ಒಂದು ಬದಿಗೆ ಸಿಡ್ನಿಯ ಗಾಡಿ, ಇನ್ನೊಂದು ಬದಿಗೆ ಮೆಲ್ಬರ್ನಿನ ಗಾಡಿ. ಪ್ರಯಾಣಿಕರು ನಿದ್ದೆಗಣ್ಣಿನಲ್ಲಿ ಇಳಿದು, ಚಳಿಯಲ್ಲಿ ಗಡಗಡ ನಡುಗುತ್ತ ಆಚೆಗೆ ಹೋಗಿ ಹತ್ತಬೇಕು. ಎರಡೂ ವಸಾಹತುಗಳಿಗೆ ಬೇರೆ ಬೇರೆ ಸುಂಕವಿದ್ದುದರಿಂದ ಪೆಟ್ಟಿಗೆ ಬಿಚ್ಚಿ ತೋರಿಸುವ ಕಾಟ ಬೇರೆ. 1895ರಲ್ಲಿ ಅಮೆರಿಕದ ಹಾಸ್ಯಲೇಖಕ ಮಾರ್ಕ್ ಟ್ವೇನ್ ಈ ದಾರಿಯಲ್ಲಿ ಹೋದಾಗ ಇಲ್ಲಿ ಇಳಿಯಬೇಕಾಗಿ ಬಂದು, ಈ ಏರ್ಪಾಡು ಯಾವ ತಲೆಯಲ್ಲಿ ಹುಟ್ಟಿತೋ ಎಂದು ತನ್ನ ಪ್ರವಾಸದ ಪುಸ್ತಕದಲ್ಲಿ ಚೆನ್ನಾಗಿಯೇ ಚುಚ್ಚಿದ್ದಾನೆ.

ವಿಚಾರ ಮಾಡಬೇಕಾದ ಸಂಗತಿ ಮುಂದಿನದು. 1901ರಲ್ಲಿ ಆ ಆರು ವಸಾಹತುಗಳೂ ಕೂಡಿ ಒಂದೇ ರಾಷ್ಟ್ರವಾದವು. ಸುಂಕದ ಕಟ್ಟೆ ಹೋಯಿತು. ಆದರೆ ಹಳಿ ಕೂಡಲಿಲ್ಲ. 1917ರಲ್ಲಿ ಮರುಭೂಮಿಯನ್ನು ಸೀಳಿಕೊಂಡು ಪಶ್ಚಿಮಕ್ಕೆ ರೈಲು ಹಾಕಿದರು. ಆಗ ಸಿಡ್ನಿಯಿಂದ ಪರ್ತಿಗೆ ಹೊರಟವನು ಆಲ್ಬರಿ, ಟೆರೋವಿ, ಪೋರ್ಟ್ ಆಗಸ್ಟಾ, ಕ್ಯಾಲ್ಗೂರ್ಲಿ ಎಂದು ನಾಲ್ಕು ಕಡೆ ಹಳಿಯ ಅಳತೆ ಬದಲಾದುದರಿಂದಲೇ ಇಳಿದು ಹತ್ತಬೇಕಾಗಿತ್ತು. ಟೆರೋವಿ ಎಂಬುದು ಹೆಸರು ಹೇಳಿದರೆ ಯಾರಿಗೂ ಗೊತ್ತಾಗದ ಸಣ್ಣ ಊರು. 1942ರ ಮಾರ್ಚಿಯಲ್ಲಿ ಫಿಲಿಪೈನ್ಸನ್ನು ಬಿಟ್ಟುಬಂದ ಅಮೆರಿಕದ ಸೇನಾನಿ ಮೆಕಾರ್ಥರ್ ಅಲ್ಲಿ ಗಾಡಿ ಬದಲಿಸಲು ಇಳಿದ; ತಾನು ಹಿಂದಿರುಗಿಯೇ ತೀರುವೆನೆಂಬ ಅವನ ಪ್ರಸಿದ್ಧ ಮಾತನ್ನು ಪತ್ರಿಕೆಯವರು ಕೇಳಿದ್ದು ಆ ಪ್ಲಾಟ್‌ಫಾರಮ್ಮಿನ ಮೇಲೆಯೇ. ಹಳಿ ಒಂದೇ ಅಳತೆಯದಾಗಿದ್ದರೆ ಅವನು ಆ ಊರಿನಲ್ಲಿ ಇಳಿಯುವ ಪ್ರಮೇಯವೇ ಇರಲಿಲ್ಲ.

ಸಿಡ್ನಿ-ಮೆಲ್ಬರ್ನುಗಳ ನಡುವೆ ಇಳಿಯದೆ ಹೋಗುವ ಗಾಡಿ ಓಡಿದ್ದು 1962ರಲ್ಲಿ. ಅಂದರೆ ಹಳಿಗಳು ಎದುರಾದ 79 ವರ್ಷಗಳ ಮೇಲೆ. ರಾಷ್ಟ್ರ ಒಂದಾದ 61 ವರ್ಷಗಳ ಮೇಲೆ. ಸಿಡ್ನಿಯಿಂದ ಪರ್ತಿಗೆ ನೇರ ಗಾಡಿ ಹೊರಡಲು 1970 ಬರಬೇಕಾಯಿತು.

ಈಗ ನಮ್ಮ ಕಡೆಗೆ ಬರೋಣ. ಇಲ್ಲಿ ಆದದ್ದು ಇದಕ್ಕೆ ತೀರ ತಿರುವುಮುರುವು.

ನಮ್ಮ ರೈಲು ಹುಟ್ಟಿದ್ದು ಬರದಿಂದ. 1876ರಿಂದ 1878ರವರೆಗೆ ಆ ಬರ ದಕ್ಷಿಣವನ್ನು ಸುಟ್ಟುಹಾಕಿತು. ಆಗ ಧಾರವಾಡ ಜಿಲ್ಲೆಯಲ್ಲಿ ರೈಲೇ ಇರಲಿಲ್ಲ. ಬಡಗಣಕ್ಕೆ ಸೊಲ್ಲಾಪುರದ ಹಳಿ, ಮೂಡಣಕ್ಕೆ ಬಳ್ಳಾರಿಯ ಹಳಿ. ನಡುವಿನ ನಾಡಿಗೆಲ್ಲ ಚಕ್ಕಡಿಯೇ ಗತಿ. ಬರಗಾಲದಲ್ಲಿ ಚಕ್ಕಡಿ ನಡೆಯಬೇಕಾದರೆ ಎತ್ತಿಗೆ ಮೇವು ಬೇಕು. ಮೇವಿಲ್ಲದೆ ಎತ್ತುಗಳು ಮನುಷ್ಯರಿಗಿಂತ ಮೊದಲು ಸತ್ತವು. ಕಾಳು ಇದ್ದಲ್ಲಿ ಇತ್ತು, ಹಸಿದವರು ಇದ್ದಲ್ಲಿ ಇದ್ದರು. ಅದನ್ನು ಇಲ್ಲಿಗೆ ತರುವ ಸಾಧನವಿರಲಿಲ್ಲ. ನೆರೆಯ ಮೈಸೂರು ಸಂಸ್ಥಾನದಲ್ಲಿ 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತೆಂದರೆ ಉಳಿದದ್ದನ್ನು ಓದುಗರೇ ಊಹಿಸಬಹುದು. 1880ರಲ್ಲಿ ಕ್ಷಾಮ ಆಯೋಗದವರು, ಬರದ ಸೀಮೆಗಳಲ್ಲಿ 5,000 ಮೈಲಿಗಳಷ್ಟು ಹೊಸ ರೈಲುಮಾರ್ಗ ಬೇಕೆಂದು ವರದಿ ಕೊಟ್ಟರು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಕಟ್ಟಲ್ಪಟ್ಟಿತು. ಹೊಟಗಿಯಿಂದ ವಿಜಾಪುರದ ಮೇಲೆ ಗದಗಕ್ಕೆ, ಗದಗದಿಂದ ಹುಬ್ಬಳ್ಳಿಗೆ, ಅಲ್ಲಿಂದ ಲೋಂಡಾದ ಮೇಲೆ ಪೋರ್ಚುಗೀಜರ ಮಾರ್ಮಗೋವಾ ಬಂದರಕ್ಕೆ, ಮತ್ತೊಂದು ಕವಲು ಹುಬ್ಬಳ್ಳಿಯಿಂದ ಹಾವೇರಿಯ ಮೇಲೆ ಹರಿಹರಕ್ಕೆ, ಹೀಗೆ ಹತ್ತು ವರ್ಷ ತುಂಬುವುದರೊಳಗೆ ಹಳಿ ಹರಡಿತು.

ಆ ಹಳಿಯ ಅಳತೆ ಒಂದು ಮೀಟರು. ಡಾಲ್‌ಹೌಸಿಯ ಕಾಲದಲ್ಲಿ ಹಿಂದುಸ್ಥಾನಕ್ಕೆಲ್ಲ 5 ಅಡಿ 6 ಅಂಗುಲದ ಹಳಿಯೆಂದು ಗೊತ್ತುಮಾಡಿದ್ದರು. ಮುಂಬಯಿ, ಮದರಾಸಿನ ದೊಡ್ಡ ಮಾರ್ಗಗಳೆಲ್ಲ ಆ ಅಳತೆಯವು. 1870ರಲ್ಲಿ ಲಾರ್ಡ್ ಮೇಯೋ ಖರ್ಚು ಉಳಿಸುವ ಸಲುವಾಗಿ ಕಿರಿಯ ಹಳಿಗೆ ಒಪ್ಪಿಗೆಯಿತ್ತ. ದೇಶದಲ್ಲಿ ಮೀಟರಿನ ಅಳತೆಯನ್ನೇ ರೂಢಿಗೆ ತರುವ ಉತ್ಸಾಹವೂ ಆಗ ಇತ್ತು. ಆ ಉತ್ಸಾಹ ಇಂಗಿಹೋಗಿ ಬಟ್ಟೆ ಗಜದಲ್ಲಿಯೂ ಕಾಳು ಸೇರಿನಲ್ಲಿಯೂ ಉಳಿದವು; ಮೀಟರು ಮಾತ್ರ ಹಳಿಗಳ ನಡುವೆ ನಿಂತಿತು. ಬರ ನೀಗುವ ಮಾರ್ಗಗಳಿಂದ ಲಾಭ ಬರುವಂತಿರಲಿಲ್ಲವಾದ್ದರಿಂದ ಅವುಗಳಿಗೆ ಅಗ್ಗದ ಹಳಿಯೇ ಸಾಕೆಂದಾಯಿತು. ಬಡವರ ನಾಡಿಗೆ ಕಿರಿಯ ಹಳಿ.

ಮೈಸೂರಿನವರೂ ತಮ್ಮ ಸಂಸ್ಥಾನದ ಒಳಗೆ ಮೀಟರು ಹಳಿಯನ್ನೇ ಹಾಕಿದರು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1882ರಲ್ಲಿ, ಬೆಂಗಳೂರಿನಿಂದ ಮೈಸೂರಿಗೆ ಗಾಡಿ ಓಡಿತು. ತುಮಕೂರು, ಗುಬ್ಬಿಗಳ ಕಡೆಗೆ ಕೆಲಸ ಸಾಗಿತ್ತು. ಹಣ ಸಾಲದೆ 1886ರಲ್ಲಿ ಆ ಮಾರ್ಗವನ್ನೆಲ್ಲ ಸದರ್ನ್ ಮರಾಠಾ ಕಂಪನಿಗೇ ಒಪ್ಪಿಸಿದರು. 1889ರಲ್ಲಿ ಬೆಂಗಳೂರಿನ ಹಳಿ ಹರಿಹರವನ್ನು ಮುಟ್ಟಿ ಹುಬ್ಬಳ್ಳಿಯ ಹಳಿಯನ್ನು ಕೂಡಿಕೊಂಡಿತು. ತುಂಗಭದ್ರೆಯ ಈಚೆ ಮುಂಬಯಿ ಸರ್ಕಾರ, ಆಚೆ ಮೈಸೂರು ಮಹಾರಾಜರ ಸರ್ಕಾರ. ಆಲ್ಬರಿಯಲ್ಲಿ ಹೇಗೋ ಇಲ್ಲಿಯೂ ಹಾಗೆಯೇ ಗಡಿಯಲ್ಲೊಂದು ಹೊಳೆ. ಆದರೆ ಹರಿಹರದಲ್ಲಿ ಗಂಟುಮೂಟೆ ಎತ್ತಿಕೊಂಡು ಯಾರೂ ಇಳಿಯಬೇಕಾಗಲಿಲ್ಲ. ನಡುರಾತ್ರಿ ಸೇತುವೆಯ ಮೇಲೆ ಗಾಡಿಯ ಸದ್ದು ಬೇರೆಯಾದಾಗ, ಹೊಳೆ ದಾಟಿದೆವೆಂದು ಮಗ್ಗುಲು ಹೊರಳಿ ಮಲಗುವುದಷ್ಟೇ ಕೆಲಸ.

ಇದು ಸಣ್ಣ ಸಂಗತಿಯಲ್ಲ. ಹುಬ್ಬಳ್ಳಿಯಿಂದ ಹಾವೇರಿಯವರೆಗಿನ ಸೀಮೆ ಆಗ ಯಾರ ಯಾರ ಕೈಯಲ್ಲಿತ್ತೆಂದು ನೋಡಿದರೆ ತಲೆ ತಿರುಗುತ್ತದೆ. ಹುಬ್ಬಳ್ಳಿ ಇಂಗ್ರೇಜರದು. ಮುಂದಿನ ಕುಂದಗೋಳ ಜಮಖಂಡಿ ಸಂಸ್ಥಾನದ್ದು. ಯಲವಿಗಿಯಲ್ಲಿಳಿದು ಹೋಗಬೇಕಾದ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಸವಣೂರು ನವಾಬರದು. ನಮ್ಮ ಗೊಟಗೋಡಿ, ಶಿಗ್ಗಾಂವಿಗಳು ಬಂಕಾಪುರ ತಾಲ್ಲೂಕೆಂಬ ಹೆಸರಿನಲ್ಲಿ ಮತ್ತೆ ಮುಂಬಯಿ ಇಲಾಖೆಗೆ ಸೇರಿದವು. ಒಂದು ಹೊತ್ತಿನ ಪ್ರಯಾಣದಲ್ಲಿ ನಾಲ್ಕು ಒಡೆತನಗಳು! ಕನ್ನಡಿಗರಿಗೆ ಕಾಗದದ ಮೇಲೆ ಒಂದು ನಾಡೆಂಬುದಿರಲಿಲ್ಲ. ಆದರೆ ಬೆಳಗಾವಿಯಲ್ಲಿ ಹತ್ತಿದವನು ಧಾರವಾಡ, ಹಾವೇರಿ, ದಾವಣಗೆರೆ, ಅರಸೀಕೆರೆ, ತುಮಕೂರುಗಳನ್ನು ಅದೇ ಅಳತೆಯ ಹಳಿಯ ಮೇಲೆ ದಾಟಿ ಬೆಂಗಳೂರಿಗೆ, ಬೇಕಾದರೆ ಅಲ್ಲಿಂದ ಮೈಸೂರಿಗೆ ಹೋಗಬಹುದಾಗಿತ್ತು. ಅಲ್ಲಿ ಆಸ್ಟ್ರೇಲಿಯಾದವರಿಗೆ ಸರ್ಕಾರ ಒಂದಾದರೂ ಹಳಿ ಹಲವು. ಇಲ್ಲಿ ನಮಗೆ ಸರ್ಕಾರ ಹಲವಾದರೂ ಹಳಿ ಒಂದು.

ಹಳಿ ಕೂಡಿದ ಮರುವರ್ಷ, 1890ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ರೈಲಿನಿಂದಲೇ ಸಂಘ ಹುಟ್ಟಿತೆಂದು ನಾನು ವಾದಿಸುವುದಿಲ್ಲ, ರಾ. ಹ. ದೇಶಪಾಂಡೆಯವರಂಥವರ ಕಳಕಳಿಗೆ ಅದು ಅಗೌರವವಾದೀತು. ಆದರೆ 1915ರಲ್ಲಿ ಬೆಂಗಳೂರಿನಲ್ಲಿ ಮೊದಲ ಸಾಹಿತ್ಯ ಸಮ್ಮೇಳನ ಸೇರಿದಾಗ ಉತ್ತರದವರು ದಕ್ಷಿಣಕ್ಕೆ ಬರಲೂ, 1918ರಲ್ಲಿ ಸಮ್ಮೇಳನ ಧಾರವಾಡಕ್ಕೆ ಬಂದಾಗ ಮೈಸೂರಿನವರು ಇತ್ತ ಬರಲೂ ಈ ಮಾರ್ಗವಿತ್ತು. ಆಲೂರು ವೆಂಕಟರಾಯರು ಏಕೀಕರಣದ ಮಾತನ್ನು ಊರೂರಿಗೆ ಒಯ್ದ ಕಾಲದಲ್ಲಿ, ಏಕೀಕೃತವಾದ ಒಂದು ವಸ್ತು ಜನರ ಕಣ್ಣೆದುರಿಗೆ ಹೊಗೆಯುಗುಳುತ್ತ ಓಡಾಡುತ್ತಿತ್ತು. ನಮ್ಮ ಏಕೀಕರಣದ ಚರಿತ್ರೆ ಬರೆಯುವವರು ಸಭೆಗಳನ್ನೂ ಠರಾವುಗಳನ್ನೂ ಎಣಿಸುವಾಗ ಈ ಗಾಡಿಯನ್ನು ಮರೆಯಬಾರದೆಂದು ನನ್ನ ಎಣಿಕೆ.

ಹಾಗೆಂದು ಎಲ್ಲ ಕನ್ನಡಿಗರಿಗೂ ಈ ಭಾಗ್ಯವಿತ್ತೆಂದಲ್ಲ. ಕಲಬುರ್ಗಿ, ರಾಯಚೂರುಗಳು ಮುಂಬಯಿ-ಮದರಾಸಿನ ಅಗಲ ಹಳಿಯ ಮೇಲಿದ್ದವು. ಸಾಲದ್ದಕ್ಕೆ ನಿಜಾಮರ ರಾಜ್ಯ. ಹಾವೇರಿಯಿಂದ ಕಲಬುರ್ಗಿಗೆ ಹೊರಟವನು ಹೊಟಗಿ-ಸೊಲ್ಲಾಪುರದ ಕಡೆ, ರಾಯಚೂರಿಗೆ ಹೊರಟವನು ಗುಂತಕಲ್ಲಿನಲ್ಲಿ ಇಳಿದು ಗಾಡಿ ಬದಲಿಸಬೇಕು. ಮಂಗಳೂರಿನ ಪಾಡಂತೂ ಇನ್ನೂ ಸ್ವಾರಸ್ಯ. 1907ರಲ್ಲಿ ಅಲ್ಲಿಗೆ ರೈಲು ಬಂತು. ಆದರೆ ಮದರಾಸಿನ ಕಡೆಯಿಂದ, ಕೇರಳವನ್ನು ಸುತ್ತಿಕೊಂಡು, ಅಗಲ ಹಳಿಯ ಮೇಲೆ. ಬೆಂಗಳೂರಿನವನು ರೈಲಿನಲ್ಲೇ ಮಂಗಳೂರಿಗೆ ಹೋಗುವೆನೆಂದು ಹಟ ಹಿಡಿದರೆ ಮೊದಲು ಜೋಲಾರಪೇಟೆಯತ್ತ ಮೂಡಣಕ್ಕೆ ಹೋಗಿ, ಆಮೇಲೆ ಪಡುವಣಕ್ಕೆ ತಿರುಗಬೇಕಾಗಿತ್ತು. ಹಾಸನದಿಂದ ಘಟ್ಟ ಇಳಿದು ಮಂಗಳೂರನ್ನು ಕೂಡುವ ಮಾರ್ಗ ತೆರೆದದ್ದು 1979ರಲ್ಲಿ, ರಾಜ್ಯ ಒಂದಾದ 23 ವರ್ಷಗಳಿಗೆ. ಹಳಿ ಎಲ್ಲಿ ಬೇರೆಯಾಗಿತ್ತೋ ಅಲ್ಲಿಯ ಕನ್ನಡಿಗರು ಉಳಿದವರಿಗೆ ಬಹುಕಾಲ ದೂರದ ನೆಂಟರಂತೆಯೇ ಉಳಿದರು. ಇದಕ್ಕೆ ಬೇರೆ ಕಾರಣಗಳೂ ಇದ್ದವು, ಬಲ್ಲೆ.

ಇಷ್ಟೆಲ್ಲ ಯೋಜನೆ, ಲೆಕ್ಕಾಚಾರಗಳ ನಡುವೆ ಏನೊಂದೂ ಯೋಜಿಸದೆ ಹೊರಟವನೊಬ್ಬನನ್ನು ನೆನೆಯದಿರಲಾರೆ. 1933ರಲ್ಲಿ ಗದಗಿನ ಹನ್ನೊಂದು ವರ್ಷದ ಹುಡುಗನೊಬ್ಬ ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ರೈಲು ಹತ್ತಿದ. ಕೈಯಲ್ಲಿ ಟಿಕೆಟಿಲ್ಲ, ವೇಳಾಪಟ್ಟಿಯಿಲ್ಲ. ಸಹಪ್ರಯಾಣಿಕರಿಗೆ ಹಾಡು ಹೇಳುತ್ತ ಗ್ವಾಲಿಯರಿನವರೆಗೂ, ಅದರಾಚೆಗೂ ಅಲೆದ. ಕಡೆಗೆ ಗುರು ಸಿಕ್ಕಿದ್ದು ಮನೆಯ ಮಗ್ಗುಲಲ್ಲೇ, ಈ ಮಾರ್ಗದ ಮೇಲಿನ ಕುಂದಗೋಳದಲ್ಲಿ. ಹುಡುಗ ಭೀಮಸೇನ ಜೋಶಿ. ಗುರು ಸವಾಯಿ ಗಂಧರ್ವರು.

ಮತ್ತೆ ಅಜ್ಜನ ಗಂಟುಮೂಟೆಯ ಕಡೆಗೆ. ಕನ್ನಡ ನಾಡಿನ ಒಳಗೆ ಒಂದಾಗಿದ್ದ ಹಳಿ ನಾಡಿನ ಅಂಚಿಗೆ ಬಂದೊಡನೆ ಕಡಿಯುತ್ತಿತ್ತು. ಮುಂಬಯಿಗಾದರೆ ಪುಣೆಯಲ್ಲಿ, ಸೊಲ್ಲಾಪುರಕ್ಕಾದರೆ ಹೊಟಗಿಯ ಬಳಿ, ಮದರಾಸಿಗಾದರೆ ಬೆಂಗಳೂರಿನಲ್ಲಿಯೇ. ಅಲ್ಲೆಲ್ಲ ಮನುಷ್ಯರಿಗೆ ಇಳಿಯುವ ಕಷ್ಟವಾದರೆ ಸರಕಿಗೆ ಇಳಿಸುವ ಕಷ್ಟ. ಬ್ಯಾಡಗಿಯ ಮೆಣಸಿನಕಾಯಿಯ ಚೀಲ, ಸವಣೂರಿನ ವೀಳ್ಯದೆಲೆಯ ಪೆಂಡಿ, ಹುಬ್ಬಳ್ಳಿಯ ಅರಳೆಯ ಅಂಡಿಗೆ, ಯಾವುದೇ ಇರಲಿ, ದೊಡ್ಡ ಹಳಿಯ ಪೇಟೆಗೆ ಹೋಗಬೇಕಾದರೆ ಹಮಾಲರ ಬೆನ್ನಿನ ಮೇಲೆ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸಾಗಬೇಕು. ಎಲೆಯಂಥ ಬಾಡುವ ಸರಕಿಗೆ ಒಂದು ರಾತ್ರಿ ತಡವಾದರೆ ವ್ಯಾಪಾರವೇ ಬಾಡಿತು. ಬರಗಾಲದಲ್ಲಿ ಕಾಳು ತರುವುದಕ್ಕೆಂದು ಹಾಕಿದ ಮಾರ್ಗದಲ್ಲಿ, ಹೊರಗಿನ ಕಾಳು ಒಳಗೆ ಬರಬೇಕಾದರೂ ಈ ಬಾಗಿಲುಗಳಲ್ಲೇ ನಿಂತು ಇಳಿದು ಹತ್ತಿ ಬರಬೇಕಾಗಿತ್ತೆಂಬುದು ಕಂಪನಿಯ ಮಿತವ್ಯಯಕ್ಕೆ ನಾಡು ತೆತ್ತ ಬೆಲೆ.

1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಹಳಿ ಕಡಿಯುವ ಜಾಗಗಳು ಆಗಲೂ ಹಾಗೆಯೇ ಉಳಿದವು. 1970ರ ದಶಕದ ಆರಂಭದಲ್ಲಿ ಪುಣೆ-ಮಿರಜ ಮಾರ್ಗ ಅಗಲವಾಗಿ, ಮುಂಬಯಿಗೆ ಹೋಗುವವರು ಇಳಿಯುವ ಜಾಗ ಪುಣೆಯಿಂದ ಮಿರಜಕ್ಕೆ ಸರಿಯಿತು. ನಾನು ಕಾಲೇಜಿನ ದಿನಗಳಲ್ಲಿ ಮಿರಜದಲ್ಲಿ ಗಾಡಿ ಬದಲಿಸಿದ್ದೇನೆ. ಈ ಗಾಡಿ ತಡವಾದರೆ ಆ ಗಾಡಿ ಕಾಯುವುದೋ ಇಲ್ಲವೋ ಎಂಬ ಚಿಂತೆಯಲ್ಲಿ ಸಹಪ್ರಯಾಣಿಕರೆಲ್ಲ ಒಂದೇ ಮನೆಯವರಂತೆ ಆಗಿಬಿಡುತ್ತಿದ್ದರು. 1992ರಲ್ಲಿ ದೇಶಕ್ಕೆಲ್ಲ ಒಂದೇ ಹಳಿಯೆಂಬ ಯೋಜನೆ ಹೊರಟು, ಬೆಂಗಳೂರು-ಹುಬ್ಬಳ್ಳಿ-ಮಿರಜ ಮಾರ್ಗ ಆ ದಶಕದಲ್ಲೇ ಅಗಲವಾಯಿತು. ಮೊದಲು ಹಾಕಿದ ಹೊಟಗಿ-ಗದಗ ಮಾರ್ಗದ ಸರದಿ ಎಲ್ಲಕ್ಕಿಂತ ತಡವಾಗಿ, 2000ದ ನಂತರದ ದಶಕದಲ್ಲಿ ಮುಗಿಯಿತು. ಆಲ್ಬರಿಯವರು 79 ವರ್ಷ ಇಳಿದು ಹತ್ತಿದ್ದಕ್ಕೆ ಮಾರ್ಕ್ ಟ್ವೇನನಿಂದ ಮಾತು ಕೇಳಿದರು. ನಮ್ಮವರು ನೂರು ವರ್ಷಗಳ ಮೇಲೆ ಇಳಿದು ಹತ್ತಿದರೂ ಚುಚ್ಚುವವರು ಯಾರೂ ಬರಲಿಲ್ಲ.

2003ರಲ್ಲಿ ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರವಾಯಿತು. 2023ರಲ್ಲಿ ಅಲ್ಲಿ 1,507 ಮೀಟರು ಉದ್ದದ, ಜಗತ್ತಿನಲ್ಲೇ ಅತಿ ಉದ್ದವೆನಿಸಿದ ಪ್ಲಾಟ್‌ಫಾರಮ್ಮು ಉದ್ಘಾಟನೆಯಾಯಿತು. ಅದೇ ವರ್ಷ ಬೆಂಗಳೂರು-ಧಾರವಾಡಗಳ ನಡುವೆ ವಂದೇ ಭಾರತ್ ಗಾಡಿ ಓಡತೊಡಗಿ, ಹುಬ್ಬಳ್ಳಿಯಿಂದ ಬೆಂಗಳೂರಿನ 469 ಕಿಲೋಮೀಟರು ಅರ್ಧ ಹಗಲಿನ ದಾರಿಯಾಯಿತು. ನನ್ನ ಸೋದರಳಿಯನಿಗೆ ಈ ಲೆಕ್ಕವನ್ನೆಲ್ಲ ಹೇಳಿದೆ. ಮೆಲ್ಬರ್ನಿನಿಂದ ಹಗಲ ಗಾಡಿಗೆ ಎರಡು ಸ್ಥಳ ಗೊತ್ತುಮಾಡುವುದಾಗಿಯೂ, ಆಲ್ಬರಿಯಲ್ಲಿ ಯಾರೂ ಇಳಿಸದಿದ್ದರೂ ನಾನು ಕಿಟಕಿಯ ಪಕ್ಕವೇ ಕೂಡ್ರಬೇಕೆಂದೂ ಅವನು ತಿಳಿಸಿದ್ದಾನೆ. ಇತ್ತ ಬೆಂಗಳೂರಿನ ವಿಮಾನ ಹಿಡಿಯಲು ಮಾತ್ರ ನಾನು ಮೊದಲು ಗೊಟಗೋಡಿಯ ಹೆದ್ದಾರಿಯಲ್ಲಿ ನಿಂತು ಹುಬ್ಬಳ್ಳಿಯ ಬಸ್ಸಿಗೆ ಕೈ ಮಾಡಬೇಕು.